ಮಗನಿಗೆ ಕೊಲೆಸ್ಟ್ರಾಲ್ ಗುಳಿಗೆ ಶುರು ಮಾಡಿದ ವರ್ಷ

ನನ್ನ ಮಗನಿಗೆ ಹತ್ತು ತುಂಬಿ ಹನ್ನೊಂದು ನಡೆಯುತ್ತಿದೆ. ಐದನೇ ಕ್ಲಾಸು. ಕಳೆದ ಸೆಪ್ಟೆಂಬರ್‌ನಿಂದ ದಿನಾ ರಾತ್ರಿ ಊಟ ಆದ ಮೇಲೆ ಕೊಲೆಸ್ಟ್ರಾಲ್ ಇಳಿಸುವ ಒಂದು ಚಿಕ್ಕ ಗುಳಿಗೆ ನುಂಗುತ್ತಾನೆ. ಇಷ್ಟು ಸಣ್ಣ ಹುಡುಗನಿಗೆ ಕೊಲೆಸ್ಟ್ರಾಲ್ ಗುಳಿಗೆಯೇ ಅಂತ ಕೇಳದವರಿಲ್ಲ. ಮೊದಲು ಹಾಗೆ ಕೇಳಿದವಳು ನಾನೇ. ಅದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿತ್ತು. ಇದರಿಂದ ಅವನ ತಲೆಗೆ, ನೆನಪಿನ ಶಕ್ತಿಗೆ ಏನಾದರೂ ಆಗುತ್ತಾ? ಈ ಪ್ರಶ್ನೆ ಇಟ್ಟುಕೊಂಡು ಬಹಳ ರಾತ್ರಿ ನಿದ್ದೆಗೆಟ್ಟಿದ್ದೇನೆ. ನಮ್ಮ ಹಾಗೆ ಮಗುವಿನ ರಿಪೋರ್ಟ್ ಹಿಡಿದು ಕೂತಿರುವವರಿಗೆ ಉಪಯೋಗ ಆಗಲಿ ಅಂತ ಆದದ್ದನ್ನೆಲ್ಲ ಬರೆಯುತ್ತಿದ್ದೇನೆ.

ನಮ್ಮೂರು ಗುಳೇದಗುಡ್ಡ. ಖಣ ನೇಯುವ ಊರು. ನಮ್ಮ ಮನೆಯಲ್ಲೂ ಎರಡು ಕುಣಿಮಗ್ಗ ಇವೆ. ಮನೆಯವರು ನೇಯುತ್ತಾರೆ. ನಾನು ಖಣದ ಕುಪ್ಪಸ ಹೊಲಿಯುತ್ತೇನೆ, ಲೆಕ್ಕ ಬರೆಯುತ್ತೇನೆ. ಹೋದ ವರ್ಷ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಮಗ್ಗದಲ್ಲಿ ಕೂತಿದ್ದವರು ಎಡಗೈ ಹಿಡಿದುಕೊಂಡು ಮೇಲೆ ಬಂದರು. ಮೈಯೆಲ್ಲ ಬೆವರು. ಬಾಗಲಕೋಟೆಗೆ ಒಯ್ದೆವು. ಹಾರ್ಟ್ ಅಟ್ಯಾಕ್ ಅಂದರು. ವಯಸ್ಸು 39. ಬೀಡಿ ಇಲ್ಲ, ಕುಡಿತ ಇಲ್ಲ, ಶುಗರ್ ಇಲ್ಲ. ಸ್ಟೆಂಟ್ ಹಾಕಿದರು. ರೇಷನ್ ಕಾರ್ಡ್ ಇದ್ದದ್ದಕ್ಕೆ ಸರ್ಕಾರದ ಆರೋಗ್ಯ ಯೋಜನೆಯಲ್ಲಿ ಅದು ಆಯಿತು. ಇಲ್ಲದಿದ್ದರೆ ಮಗ್ಗ ಮಾರಬೇಕಿತ್ತು.

ಮೂರನೇ ದಿನ ಹೃದಯದ ಡಾಕ್ಟರು ಬಂದು, ಹೊದಿಕೆ ಸರಿಸಿ, ಅವರ ಹಿಮ್ಮಡಿ ಮೇಲಿನ ನರ ಒತ್ತಿ ನೋಡಿದರು. ಅಲ್ಲಿ ಎರಡೂ ಕಾಲಿಗೆ ಗಟ್ಟಿ ಗಂಟಿತ್ತು. ಮಗ್ಗ ತುಳಿದು ತುಳಿದು ಹಾಗಾಗಿದೆ ಅಂತ ನಾವು ಹತ್ತು ವರ್ಷದಿಂದ ಅಂದುಕೊಂಡಿದ್ದೆವು. ಅದು ಕೊಲೆಸ್ಟ್ರಾಲ್ ಕೂಡಿ ಆದ ಗಂಟಂತೆ. ರಕ್ತದಲ್ಲಿ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 241 ಇತ್ತು. ‘ನಿಮ್ಮ ತಂದಿ ಎಷ್ಟನೇ ವಯಸ್ಸಿಗೆ ಹೋದ್ರು?’ ಅಂತ ಕೇಳಿದರು. 44ಕ್ಕೆ, ಎದೆ ಹಿಡಿದು. ಡಾಕ್ಟರು ಒಂದು ಕ್ಷಣ ಸುಮ್ಮನಿದ್ದು ಮಕ್ಕಳೆಷ್ಟು ಅಂತ ಕೇಳಿದರು.

ಅವತ್ತು ಮೊದಲ ಸಲ ಆ ಉದ್ದ ಹೆಸರು ಕೇಳಿದೆ. ಫೆಮಿಲಿಯಲ್ ಹೈಪರ್‌ಕೊಲೆಸ್ಟ್ರಾಲೀಮಿಯಾ. ವಂಶದಿಂದ ಬರುವ ಕೊಲೆಸ್ಟ್ರಾಲ್ ತೊಂದರೆ. ಸುಮಾರು 250 ಜನರಲ್ಲಿ ಒಬ್ಬರಿಗೆ ಇರುತ್ತದಂತೆ. ರಕ್ತದಲ್ಲಿರುವ ಎಲ್‌ಡಿಎಲ್ ಅನ್ನು ಒಳಗೆ ಎಳೆದುಕೊಳ್ಳಲು ಲಿವರ್‌ಗೆ ಬಾಗಿಲುಗಳಿರುತ್ತವೆ. ಇವರಿಗೆ ಹುಟ್ಟಿನಿಂದ ಅದರಲ್ಲಿ ಅರ್ಧ ಬಾಗಿಲು ಕೆಲಸ ಮಾಡುವುದಿಲ್ಲ. ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ದಪ್ಪ ಇರಬೇಕು, ಎಣ್ಣೆ ಜಾಸ್ತಿ ತಿನ್ನಬೇಕು ಅಂತೇನೂ ಇಲ್ಲ. ನನ್ನ ಮಗ ಕಡ್ಡಿಯ ಹಾಗೆ ಇದ್ದಾನೆ.

ಮಾರ್ಚ್‌ನಲ್ಲಿ ಇಬ್ಬರು ಮಕ್ಕಳನ್ನೂ ರಾತ್ರಿ ಊಟ ಆದಾಗಿನಿಂದ ಉಪವಾಸ ಇಟ್ಟು ಬೆಳಿಗ್ಗೆ ಲ್ಯಾಬಿಗೆ ಕರೆದುಕೊಂಡು ಹೋದೆ. ಸಣ್ಣ ಹುಡುಗರಿಗೆ ಯಾಕೆ ಈ ಟೆಸ್ಟು ಅಂತ ಅಲ್ಲಿದ್ದ ಹುಡುಗ ಎರಡು ಸಲ ಕೇಳಿದ. ಒಬ್ಬರಿಗೆ 450 ರೂಪಾಯಿ. ಸಂಜೆ ರಿಪೋರ್ಟ್ ಬಂತು. ಮಗಳಿಗೆ ಏಳು ವರ್ಷ, ಎಲ್‌ಡಿಎಲ್ 98. ಮಗನಿಗೆ 258.

ಆ ಕಾಗದ ಹಿಡಿದು ಒಬ್ಬ ಡಾಕ್ಟರ ಹತ್ತಿರ ಹೋದೆವು. ‘ಹುಡುಗ ತೆಳ್ಳಗಿದ್ದಾನೆ, ಮಷೀನ್ ತಪ್ಪಿರಬೇಕು, ಹದಿನೆಂಟು ಆದ ಮೇಲೆ ನೋಡೋಣ’ ಅಂದರು. ನಿಜ ಹೇಳಬೇಕೆಂದರೆ ನನಗೆ ಆ ಮಾತು ಕೇಳಿ ಸಮಾಧಾನ ಆಯಿತು. ಬೇಕಾದದ್ದೇ ಅದು. ಆ ಸಮಾಧಾನದಲ್ಲಿ ಎರಡೂವರೆ ತಿಂಗಳು ಕಳೆದೆವು. ಮನೆಯವರ ಚೆಕಪ್‌ಗೆ ಹೋದಾಗ ಹೃದಯದ ಡಾಕ್ಟರು ಮಕ್ಕಳದ್ದು ಏನಾಯಿತು ಅಂತ ಕೇಳದಿದ್ದರೆ ಇನ್ನೂ ಹಾಗೇ ಇರುತ್ತಿದ್ದೆವೋ ಏನೋ. ಅವರು ಎರಡನೇ ಸಲ ಟೆಸ್ಟ್ ಮಾಡಿಸಲು ಹೇಳಿದರು. ಜೊತೆಗೆ ಥೈರಾಯ್ಡ್, ಲಿವರ್, ಮೂತ್ರದ ಪರೀಕ್ಷೆ. ಥೈರಾಯ್ಡ್ ಕಡಿಮೆ ಇದ್ದರೂ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೂ ಕೊಲೆಸ್ಟ್ರಾಲ್ ಏರುತ್ತದೆ. ಅವೆಲ್ಲ ಇಲ್ಲ ಅಂತ ಮೊದಲು ನೋಡಬೇಕು. ಅವೆಲ್ಲ ಸರಿ ಇದ್ದವು. ಎಲ್‌ಡಿಎಲ್ ಮಾತ್ರ 255. ಮಷೀನ್ ತಪ್ಪಿರಲಿಲ್ಲ.

ಇಲ್ಲಿ ನಮ್ಮ ಕಡೆಯವರಿಗೆ ಒಂದು ಮಾತು ಹೇಳಲೇಬೇಕು. ನನ್ನನ್ನು ಕೊಟ್ಟಿದ್ದು ಸೋದರತ್ತೆ ಮಗನಿಗೆ. ನಮ್ಮಲ್ಲಿ ಇದು ಹೊಸದಲ್ಲ, ಅಲ್ವಾ. ನನ್ನ ಅಪ್ಪನೂ 48ಕ್ಕೆ ಹೋದವರು, ಅವರೂ ಎದೆನೋವು ಅಂತಲೇ. ಅಂದರೆ ಈ ದೋಷ ನನ್ನಲ್ಲೂ ಇರಬಹುದಿತ್ತು. ಇಬ್ಬರಲ್ಲೂ ಇದ್ದರೆ ಮಗುವಿಗೆ ಎರಡೂ ಕಡೆಯಿಂದ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹಾಗೆ ಬಂದ ಮಕ್ಕಳಿಗೆ ಎಲ್‌ಡಿಎಲ್ ಸಾಮಾನ್ಯವಾಗಿ 400, 500 ದಾಟುತ್ತದೆ. ಚಿಕ್ಕ ವಯಸ್ಸಿಗೇ ಮೊಣಕೈ, ಮೊಣಕಾಲಿನ ಮೇಲೆ ಹಳದಿ ಗಂಟು ಬರುತ್ತವೆ. ಹೃದಯದ ತೊಂದರೆ ಇಪ್ಪತ್ತರ ಒಳಗೇ ಬರಬಹುದು. ನನ್ನ ರಕ್ತ ಕೊಟ್ಟು ರಿಪೋರ್ಟಿಗೆ ಕಾದ ಆ ಒಂದು ರಾತ್ರಿ ಮಗನ ಮೊಣಕೈ ಎಷ್ಟು ಸಲ ಮುಟ್ಟಿ ನೋಡಿದೆನೋ. ನನ್ನದು 112 ಬಂತು. ಅತ್ತೆಯದೂ ಸರಿ ಇತ್ತು. ತೊಂದರೆ ಬಂದದ್ದು ಮಾವನ ಕಡೆಯಿಂದ. ಸಂಬಂಧದಲ್ಲಿ ಮದುವೆ ಆದವರು ಇಬ್ಬರೂ ಪರೀಕ್ಷೆ ಮಾಡಿಸಿ. ಗಂಡನದು ಮಾತ್ರ ನೋಡಿ ಬಿಡಬೇಡಿ.

ಜೂನ್ ಕೊನೆಗೆ ಬೆಳಗಾವಿಗೆ ಹೋದೆವು. ಮಕ್ಕಳ ಹಾರ್ಮೋನು, ಕೊಲೆಸ್ಟ್ರಾಲ್ ತೊಂದರೆ ನೋಡುವ ಡಾಕ್ಟರು ಅಲ್ಲಿದ್ದಾರೆ ಅಂತ ಹೃದಯದ ಡಾಕ್ಟರೇ ಚೀಟಿ ಬರೆದುಕೊಟ್ಟರು. ಬಾಗಲಕೋಟೆಗೆ ಬಂದು, ಅಲ್ಲಿಂದ ಲೋಕಾಪುರ, ಯರಗಟ್ಟಿ ದಾಟಿ ಬೆಳಗಾವಿ. ಬೆಳಿಗ್ಗೆ ಐದಕ್ಕೆ ಮನೆ ಬಿಟ್ಟರೆ ಹನ್ನೊಂದರ ಹೊತ್ತಿಗೆ ಆಸ್ಪತ್ರೆ. ಶಕ್ತಿ ಯೋಜನೆಯಿಂದ ನನಗೆ ಟಿಕೆಟ್ ಇಲ್ಲ, ಮಗನಿಗೆ ಅರ್ಧ ಟಿಕೆಟ್. ಹೀಗಾಗಿ ಬಸ್ಸಿನ ಖರ್ಚು ದೊಡ್ಡದಲ್ಲ. ಕಾಯುವುದೇ ದೊಡ್ಡದು. ಮೊದಲ ದಿನ ಚೀಟಿ ಮಾಡಿಸಲು ಮುಕ್ಕಾಲು ಗಂಟೆ, ಡಾಕ್ಟರಿಗೆ ಮೂರು ಗಂಟೆ. ನಾನು ಮನೆಯವರ ಹಳೆಯ ರಿಪೋರ್ಟ್ ತಂದಿರಲಿಲ್ಲ. ಅದು ಬೇಕೇ ಬೇಕು ಅಂದರು. ಮನೆಗೆ ಫೋನ್ ಮಾಡಿ, ಮನೆಯವರು ಮೊಬೈಲಲ್ಲಿ ಫೋಟೋ ತೆಗೆದು ಕಳಿಸಿ, ಅಷ್ಟರಲ್ಲಿ ನಮ್ಮ ಸರದಿ ಹಿಂದಕ್ಕೆ ಹೋಯಿತು. ನೀವು ಹೋಗುವಾಗ ಮಗುವಿನ ಎರಡು ಸಲದ ಲಿಪಿಡ್ (ಕೊಲೆಸ್ಟ್ರಾಲ್) ರಿಪೋರ್ಟ್, ತಂದೆ ತಾಯಿ ಇಬ್ಬರ ರಿಪೋರ್ಟ್, ಯಾರಿಗಾದರೂ ಸ್ಟೆಂಟ್ ಆಗಿದ್ದರೆ ಡಿಸ್ಚಾರ್ಜ್ ಕಾಗದ, ಎರಡು ತಲೆಮಾರಿನಲ್ಲಿ ಯಾರು ಯಾವ ವಯಸ್ಸಿಗೆ ಹೋದರು ಅಂತ ಒಂದು ಹಾಳೆಯಲ್ಲಿ ಬರೆದದ್ದು, ಇಷ್ಟನ್ನೂ ಒಂದೇ ಫೈಲಿನಲ್ಲಿ ಹಾಕಿಕೊಳ್ಳಿ.

ಮೇಡಂ ಮಗನನ್ನು ಚೆನ್ನಾಗಿ ನೋಡಿದರು. ಹಿಮ್ಮಡಿ, ಮೊಣಕಾಲು, ಕಣ್ಣಿನ ಕರಿಗುಡ್ಡೆ ಸುತ್ತ ಬಿಳಿ ಉಂಗುರ ಇದೆಯಾ ಅಂತ. ಏನೂ ಇರಲಿಲ್ಲ. ಜೀನ್ ಪರೀಕ್ಷೆ ಮಾಡಿಸಬಹುದು, ಆದರೆ ತಂದೆಯ ಕಾಯಿಲೆ ಇಷ್ಟು ಸ್ಪಷ್ಟ ಇರುವಾಗ ಅದಿಲ್ಲದೆಯೂ ಚಿಕಿತ್ಸೆ ನಡೆಯುತ್ತದೆ ಅಂದರು. ನಮಗೆ ಹೇಳಿದ ಬೆಲೆ ಹದಿನೆಂಟು ಸಾವಿರ. ಬಿಟ್ಟೆವು. ಗುಳಿಗೆ ಅವತ್ತೇ ಬರೆಯಲಿಲ್ಲ. ಮೂರು ತಿಂಗಳು ಊಟ ನೋಡಿ ಅಂದರು.

ಊಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೆಣ್ಣೆ, ಡಾಲ್ಡಾ, ಬೇಕರಿ ತಿಂಡಿ, ಸಂಜೆಯ ಮಿರ್ಚಿ ಭಜಿ ನಿಂತವು. ಜೋಳದ ರೊಟ್ಟಿ, ಕಾಳು ಪಲ್ಯ, ಸೊಪ್ಪು ನಮ್ಮಲ್ಲಿ ಮೊದಲಿಂದಲೂ ಇದ್ದದ್ದೇ. ಅಮೀನಗಡದ ಕರದಂಟು ಅವನಿಗೆ ಜೀವ. ಅದನ್ನು ಹಬ್ಬಕ್ಕೆ ಮಾತ್ರ ಅಂತ ಮಾಡಿದೆವು. ಮನೆಮಂದಿಯೆಲ್ಲ ಅದೇ ಊಟ ಉಂಡೆವು, ಅವನೊಬ್ಬನಿಗೆ ಬೇರೆ ತಟ್ಟೆ ಹಾಕಲಿಲ್ಲ. ಸೆಪ್ಟೆಂಬರ್‌ನಲ್ಲಿ 255 ಇದ್ದದ್ದು 239 ಆಯಿತು. ನನಗೆ ಅಳು ಬಂತು. ಮೇಡಂ ಮಾತ್ರ ಇದು ಒಳ್ಳೆಯ ಇಳಿಕೆಯೇ ಅಂದರು. ಈ ಕಾಯಿಲೆಯಲ್ಲಿ ಊಟದಿಂದ ಇಳಿಯುವುದೇ ಇಷ್ಟು, ತಪ್ಪು ನಿಮ್ಮ ಅಡುಗೆಯದ್ದಲ್ಲ, ಜೀನಿನದ್ದು ಅಂದರು. ಮೂರು ತಿಂಗಳು ಒಗ್ಗರಣೆ ಎಣ್ಣೆಯನ್ನು ಚಮಚದಲ್ಲಿ ಅಳೆದವಳಿಗೆ ಆ ಮಾತು ಎಷ್ಟು ಬೇಕಾಗಿತ್ತು ಅಂತ ಹೇಳಲಾರೆ.

ಈಗ ಗುಳಿಗೆ. ಸ್ಟಾಟಿನ್ ಅಂತ ಆ ಜಾತಿಯ ಔಷಧದ ಹೆಸರು. ಮನೆಯವರೂ ಅದನ್ನೇ ತೆಗೆದುಕೊಳ್ಳುತ್ತಾರೆ. ಅದೇ ಹೊತ್ತಿಗೆ ನಮ್ಮ ನೆಂಟರ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಓಡಾಡುತ್ತಿತ್ತು. ಕೊಲೆಸ್ಟ್ರಾಲ್ ಗುಳಿಗೆಯಿಂದ ಮರೆವು ಬರುತ್ತದೆ, ಮೆದುಳು ಕೊಬ್ಬಿನಿಂದಲೇ ಆಗಿದೆ, ಕೊಬ್ಬು ಇಳಿಸಿದರೆ ಮೆದುಳು ಒಣಗುತ್ತದೆ ಅಂತ. ದೊಡ್ಡವರ ಬಗ್ಗೆ ಬರೆದದ್ದು. ಆದರೆ ನನ್ನ ಮುಂದಿದ್ದವನು ಹತ್ತು ವರ್ಷದ ಹುಡುಗ. ಅವನ ಮೆದುಳು ಇನ್ನೂ ಬೆಳೆಯುತ್ತಿದೆ. ಅದರ ಮೇಲೆ ನವೋದಯ ಪ್ರವೇಶ ಪರೀಕ್ಷೆಗೆ ಓದುತ್ತಿದ್ದಾನೆ. 80 ಪ್ರಶ್ನೆ, ಎರಡು ಗಂಟೆ, ಅದರಲ್ಲಿ 40 ಪ್ರಶ್ನೆ ಬುದ್ಧಿಶಕ್ತಿಯದ್ದೇ. ಇವನ ತಲೆಯ ಮೇಲೆ ನಾನೇ ಕೈಯಾರೆ ಏನಾದರೂ ಮಾಡಿಬಿಡುತ್ತೇನಾ ಅಂತ ಹೊಟ್ಟೆಯಲ್ಲಿ ಸಂಕಟ.

ಡಾಕ್ಟರ ಮುಂದೆ ಇದನ್ನು ಕೇಳಲು ನನಗೆ ಸಂಕೋಚ. ವಾಟ್ಸಾಪ್ ನಂಬಿ ಬಂದಿದ್ದಾಳೆ ಅಂತ ಬೈದರೆ? ಎದ್ದು ಬಾಗಿಲ ತನಕ ಬಂದವಳು ಮತ್ತೆ ತಿರುಗಿ ಹೋಗಿ ಕೇಳಿದೆ. ಮೇಡಂ ಕೂರಿ ಅಂತ ಕುರ್ಚಿ ತೋರಿಸಿದರು.

‘ಅಕ್ಕಾರ, ನೀವು ಕೇಳಿದ್ದು ಚಲೋ ಆತು. ಬಾಳ ಮಂದಿ ಕೇಳೂದೇ ಇಲ್ಲ. ಮನ್ಯಾಗ ಸುಮ್ನ ಗುಳಿಗಿ ಬಂದ್ ಮಾಡಿಬಿಡ್ತಾರ.’

ಆಮೇಲೆ ಅವರು ಹೇಳಿದ್ದನ್ನು ನಾನು ಬಸ್ಸಿನಲ್ಲೇ ನೋಟ್‌ಬುಕ್ಕಿಗೆ ಬರೆದುಕೊಂಡೆ. ಮೆದುಳಿಗೆ ಕೊಲೆಸ್ಟ್ರಾಲ್ ಬೇಕು ಅನ್ನುವುದು ನಿಜ. ದೇಹದ ಕೊಲೆಸ್ಟ್ರಾಲ್‌ನಲ್ಲಿ ಸುಮಾರು ಐದನೇ ಒಂದು ಪಾಲು ಮೆದುಳಲ್ಲೇ ಇದೆ. ಆದರೆ ರಕ್ತದಲ್ಲಿ ತಿರುಗುವ ಎಲ್‌ಡಿಎಲ್ ಮೆದುಳಿನ ಬೇಲಿ ದಾಟಿ ಒಳಗೆ ಹೋಗುವುದಿಲ್ಲ. ಮೆದುಳು ತನಗೆ ಬೇಕಾದದ್ದನ್ನು ತಾನೇ ತಯಾರಿಸಿಕೊಳ್ಳುತ್ತದೆ. ನಾವು ನೇಕಾರರು ಅಂತ ಗೊತ್ತಿದ್ದದ್ದಕ್ಕೆ ಹೀಗೆ ಹೇಳಿದರು: ‘ಪ್ಯಾಟ್ಯಾಗ ನೂಲು ಕಮ್ಮಿ ಆದ್ರ ತನ್ನ ಮನ್ಯಾಗ ತಾನ ನೂತು ನೇಯಾವ್ರಿಗೆ ಏನ್ ಆಗತೈತಿ?’ ಆದ್ದರಿಂದ ರಕ್ತದ ಎಲ್‌ಡಿಎಲ್ ಇಳಿದರೆ ಮೆದುಳು ಒಣಗುತ್ತದೆ ಅನ್ನುವುದು ತಪ್ಪು.

ಹಾಗಾದರೆ ಗುಳಿಗೆಯೇ ಮೆದುಳಿಗೆ ಹೋದರೆ? ಅದನ್ನೂ ಕೇಳಿದೆ. ಕೆಲವು ಸ್ಟಾಟಿನ್ ಕೊಬ್ಬಿನಲ್ಲಿ ಕರಗುತ್ತವೆ, ಅವು ಬೇಲಿ ದಾಟುವುದು ಸ್ವಲ್ಪ ಜಾಸ್ತಿ. ಕೆಲವು ನೀರಿನಲ್ಲಿ ಕರಗುತ್ತವೆ, ಅವು ದಾಟುವುದು ಕಡಿಮೆ. ರೊಸುವಾಸ್ಟಾಟಿನ್ ಎರಡನೇ ತರದ್ದು. ಮಗನಿಗೆ ಅದನ್ನೇ ಬರೆದರು, 5 ಎಂಜಿ. ನಮ್ಮ ಏಷ್ಯಾದ ಜನರ ರಕ್ತದಲ್ಲಿ ಈ ಔಷಧ ಸ್ವಲ್ಪ ಜಾಸ್ತಿ ಉಳಿಯುತ್ತದೆ, ಅದಕ್ಕೆ ಕಡಿಮೆಯಿಂದ ಶುರು ಅಂದರು. ಮೊದಲ ತರದ ಗುಳಿಗೆಯಿಂದಲೂ ಮಕ್ಕಳ ಬುದ್ಧಿಗೆ ಪೆಟ್ಟು ಬಿದ್ದದ್ದು ಕಂಡಿಲ್ಲ, ನಿಮ್ಮ ಮನಸ್ಸಿನ ನೆಮ್ಮದಿಯೂ ಲೆಕ್ಕಕ್ಕೆ ಬರುತ್ತದೆ ಅಂತ ಇದನ್ನು ಆರಿಸಿದೆ ಅಂದರು.

ವಾಟ್ಸಾಪ್ ಸಂದೇಶಕ್ಕೂ ಒಂದು ಮೂಲ ಇತ್ತು. 2012ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸ್ಟಾಟಿನ್ ಪೊಟ್ಟಣದ ಮಾಹಿತಿಯಲ್ಲಿ ಮರೆವು, ಗೊಂದಲದ ಬಗ್ಗೆ ಒಂದು ಮಾತು ಸೇರಿಸಿತು. ಕೆಲವು ದೊಡ್ಡವರು ಹಾಗೆ ಆಯಿತು ಅಂತ ತಿಳಿಸಿದ್ದರಿಂದ. ಸಾಮಾನ್ಯವಾಗಿ ಗಂಭೀರ ಅಲ್ಲದ್ದು, ಗುಳಿಗೆ ನಿಲ್ಲಿಸಿದರೆ ಹೋಗುವಂಥದ್ದು ಅಂತಲೂ ಅದರಲ್ಲೇ ಬರೆದಿತ್ತು. ಗುಂಪಿನಲ್ಲಿ ಓಡಾಡಿದ್ದು ಮೊದಲ ಅರ್ಧ ಮಾತ್ರ.

ಮಕ್ಕಳ ಮೇಲೆ ನಡೆದದ್ದು ಏನಿದೆ ಅಂತ ಕೇಳಿದಾಗ ಹಾಲೆಂಡಿನದ್ದು ಹೇಳಿದರು. ಈ ಕಾಯಿಲೆಯ 214 ಮಕ್ಕಳು, 8ರಿಂದ 18 ವರ್ಷದವರು. ಪ್ರವಾಸ್ಟಾಟಿನ್ ಶುರು ಮಾಡಿ ಇಪ್ಪತ್ತು ವರ್ಷ ಹಿಂಬಾಲಿಸಿದರು. 2019ರಲ್ಲಿ ಫಲಿತಾಂಶ ಬಂತು. 39 ವರ್ಷ ಆಗುವ ಹೊತ್ತಿಗೆ ಆ ಮಕ್ಕಳಲ್ಲಿ ಹೃದಯದ ತೊಂದರೆ ಆದದ್ದು 100ಕ್ಕೆ ಒಬ್ಬರಿಗೆ. ಇದೇ ಕಾಯಿಲೆ ಇದ್ದು ಚಿಕ್ಕಂದಿನಲ್ಲಿ ಈ ಗುಳಿಗೆ ಸಿಗದ ಅವರ ತಂದೆ ಅಥವಾ ತಾಯಿಯರಲ್ಲಿ ಅದೇ ವಯಸ್ಸಿಗೆ 100ಕ್ಕೆ 26 ಜನರಿಗೆ. 39 ಅನ್ನುವ ಅಂಕಿ ಕೇಳಿ ನನ್ನ ಮೈ ಝುಂ ಅಂದಿತು. ನಮ್ಮ ಮನೆಯವರ ವಯಸ್ಸು.

ಬುದ್ಧಿಶಕ್ತಿಯನ್ನೇ ಅಳೆದ ಇನ್ನೊಂದು ಪ್ರಯೋಗ. ಅದು ಗುಳಿಗೆಯದ್ದಲ್ಲ, ತಿಂಗಳಿಗೊಮ್ಮೆ ಚುಚ್ಚುವ ಇವೊಲೊಕುಮ್ಯಾಬ್ ಇಂಜೆಕ್ಷನ್‌ನದ್ದು. ಕೊಲೆಸ್ಟ್ರಾಲ್ ಗುಳಿಗೆ ತೆಗೆದುಕೊಳ್ಳುತ್ತಿದ್ದ 10ರಿಂದ 17 ವರ್ಷದ 157 ಮಕ್ಕಳು. ಮೂರರಲ್ಲಿ ಎರಡು ಪಾಲು ಮಕ್ಕಳಿಗೆ ಔಷಧ, ಉಳಿದವರಿಗೆ ಔಷಧವಿಲ್ಲದ ಸುಳ್ಳು ಇಂಜೆಕ್ಷನ್. 24 ವಾರದಲ್ಲಿ ಔಷಧ ಸಿಕ್ಕವರ ಎಲ್‌ಡಿಎಲ್ ಸರಾಸರಿ ಶೇ 44.5 ಇಳಿಯಿತು. ಅವರಿಗೆ ಕಂಪ್ಯೂಟರ್ ಮೇಲೆ ನೆನಪು, ಚುರುಕು ನೋಡುವ ಪರೀಕ್ಷೆಗಳನ್ನೂ ಕೊಟ್ಟಿದ್ದರು. ಎಲ್‌ಡಿಎಲ್ ಅಷ್ಟು ಇಳಿದರೂ ಬುದ್ಧಿ ಮಂದ ಆಗಲಿಲ್ಲ. ಈ ಇಂಜೆಕ್ಷನ್ ನಮಗೆ ಬೇಕಾಗಿಲ್ಲ, ಅದರ ಬೆಲೆಯೂ ನಮ್ಮ ಕೈಗೆ ನಿಲುಕುವಂಥದ್ದಲ್ಲ. ಆದರೆ ರಕ್ತದ ಕೊಲೆಸ್ಟ್ರಾಲ್ ಇಳಿದರೆ ಮಗುವಿನ ತಲೆಗೆ ಏನಾಗುತ್ತದೆ ಅನ್ನುವ ನನ್ನ ಪ್ರಶ್ನೆಗೆ ನೇರ ಉತ್ತರ ಇದರಲ್ಲಿತ್ತು. 24 ವಾರ ಸಣ್ಣ ಅವಧಿ, ಅದಕ್ಕೇ ಮಕ್ಕಳನ್ನು ಮುಂದೆಯೂ ನೋಡುತ್ತಾ ಇರಬೇಕು ಅಂತ ಮೇಡಂ ತಾವಾಗಿಯೇ ಹೇಳಿದರು. ಅಷ್ಟು ಹೇಳಿದ್ದಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂತು.

ಗುಳಿಗೆ ಶುರು ಮಾಡುವ ಮೊದಲು ಈಗ ಮಗು ಹೇಗಿದ್ದಾನೆ ಅಂತ ಬರೆದಿಡಿ ಅಂದರು. ಎಲ್ಲರಿಗೂ ದೊಡ್ಡ ಬುದ್ಧಿಶಕ್ತಿ ಪರೀಕ್ಷೆ ಬೇಕಿಲ್ಲ. ಓದಿನಲ್ಲಿ ಮೊದಲೇ ತೊಂದರೆ ಇರುವ ಮಗುವಾದರೆ ಮನಃಶಾಸ್ತ್ರಜ್ಞರ ಹತ್ತಿರ ಮಾಡಿಸುವುದು ಒಳ್ಳೆಯದು, ಆಮೇಲೆ ಎಲ್ಲವನ್ನೂ ಗುಳಿಗೆಯ ಮೇಲೆ ಹಾಕುವುದು ತಪ್ಪುತ್ತದೆ. ನನ್ನ ಮಗ ಪ್ರತಿ ಭಾನುವಾರ ನವೋದಯದ ಬುದ್ಧಿಶಕ್ತಿ ಪೇಪರ್ ಒಂದು ಬಿಡಿಸುತ್ತಿದ್ದ. ನಾನು ಅಂಗಡಿ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ ಅವನ ಅಂಕ ಬರೆಯುತ್ತಾ ಬಂದಿದ್ದೆ. 40ಕ್ಕೆ 27, 29, 26, 30, 28. ಗುಳಿಗೆಗಿಂತ ಮೊದಲಿನದ್ದು. ಮನೆಯಲ್ಲಿ ಮಾಡಿದ್ದು ನಿಜವಾದ ಪರೀಕ್ಷೆ ಅಲ್ಲ, ಅಭ್ಯಾಸ ಮಾಡಿದಷ್ಟೂ ಅಂಕ ಏರುತ್ತದೆ, ಆದರೂ ಬರೆದಿಡಿ ಅಂದರು.

ಸೆಪ್ಟೆಂಬರ್ ಎರಡನೇ ವಾರ ಮೊದಲ ಗುಳಿಗೆ. ಔಷಧ ಅಂಗಡಿಯಲ್ಲೇ ಒಂದು ತೊಡಕು. 5 ಎಂಜಿ ಇರಲಿಲ್ಲ. 10ರದ್ದು ಒಯ್ದು ಅರ್ಧ ಮಾಡಿ ಕೊಡಿ ಅಂದ ಅಂಗಡಿಯವ. ಮೇಡಂ ಹೇಳದೆ ನಾನು ಹಾಗೆ ಮಾಡುವವಳಲ್ಲ. ಬಾಗಲಕೋಟೆಯ ನವನಗರದಿಂದ ತರಿಸಿಕೊಂಡೆ. ಅವತ್ತಿನಿಂದ ಶೀಟಿನಲ್ಲಿ ಹತ್ತು ಗುಳಿಗೆ ಉಳಿದಾಗಲೇ ಮುಂದಿನದ್ದು ತರುತ್ತೇನೆ.

ಮೊದಲ ಮೂರು ಭಾನುವಾರ 28, 29, 27. ನಾಲ್ಕನೆಯದು 21. ಐದನೆಯದು 19.

ಆ 19 ಬರೆಯುವಾಗ ನನ್ನ ಕೈ ನಡುಗಿತು. ಮಗ ಏನೂ ಮಾತಾಡದೆ ಪೇಪರ್ ಕೊಟ್ಟು ಹೊರಗೆ ಹೋದ. ಮನೆಯವರು ಡಾಕ್ಟರಿಗೆ ಫೋನ್ ಮಾಡು ಅಂದರು. ನಾನು ಮಾಡಲಿಲ್ಲ. ಅವತ್ತು ರಾತ್ರಿ ಗುಳಿಗೆ ಕೊಡಲಿಲ್ಲ. ಮರುದಿನವೂ ಕೊಡಲಿಲ್ಲ. ಹೀಗೆ ನಾಲ್ಕು ದಿನ. ಮನೆಯವರಿಗೂ ಹೇಳಲಿಲ್ಲ. ನಾನು ತಪ್ಪು ಮಾಡಿದೆ, ಅದನ್ನು ಮುಚ್ಚಿಡುವುದಿಲ್ಲ. ಐದನೇ ದಿನ ತಡೆಯಲಾಗದೆ ಮಗನನ್ನು ಕರೆದುಕೊಂಡು ಬೆಳಗಾವಿ ಬಸ್ ಹತ್ತಿದೆ.

ಮೇಡಂ ಬೈಯಲಿಲ್ಲ. ಮೈಕೈ ನೋವು ಇದೆಯಾ, ಮೂತ್ರದ ಬಣ್ಣ ಕಪ್ಪಾಗಿದೆಯಾ, ನಿದ್ದೆ ಹೇಗಿದೆ ಅಂತ ಕೇಳಿದರು. ಆಮೇಲೆ ‘ಪೇಪರ್ ತಂದೀರೇನು?’ ಅಂದರು. ಪುಣ್ಯಕ್ಕೆ ಫೈಲಿನಲ್ಲಿ ಇಟ್ಟುಕೊಂಡಿದ್ದೆ. ಎರಡೂ ಪೇಪರ್ ಮೇಜಿನ ಮೇಲೆ ಹರಡಿ ಪೆನ್ಸಿಲ್ ಹಿಡಿದು ನೋಡಿದರು. ನಾನು ಅಂಕ ಕೂಡಿಸಿದ್ದೆನೇ ಹೊರತು ಯಾವುದು ತಪ್ಪು ಅಂತ ನೋಡಿರಲಿಲ್ಲ. 19 ಬಂದ ಪೇಪರಿನಲ್ಲಿ ಅವನು ಬರೆದದ್ದೇ 21 ಪ್ರಶ್ನೆ. ಎರಡು ತಪ್ಪು, ಉಳಿದದ್ದೆಲ್ಲ ಸರಿ. ಕೊನೆಯ 19 ಪ್ರಶ್ನೆ ಖಾಲಿ. ಅವನು ಮರೆತಿರಲಿಲ್ಲ. ಟೈಮ್ ಸಾಲಲಿಲ್ಲ.

‘ಯಾಕ ತಮ್ಮಾ, ನಿಧಾನ ಮಾಡಿದಿ?’ ಅಂತ ಕೇಳಿದರು. ಅವನು ನನ್ನ ಮುಖ ನೋಡಿದ. ಮೇಡಂ ನನ್ನನ್ನು ಹೊರಗೆ ಕೂರಲು ಹೇಳಿದರು. ಹತ್ತು ನಿಮಿಷ. ಒಳಗೆ ಕರೆದಾಗ ಅವನ ಕಣ್ಣು ಕೆಂಪಾಗಿತ್ತು.

ಆದದ್ದು ಇಷ್ಟು. ಅತ್ತೆ ಪಕ್ಕದ ಮನೆಯವರ ಹತ್ತಿರ ಕಟ್ಟೆಯ ಮೇಲೆ ಕೂತು ‘ಆ ಗುಳಿಗಿ ನುಂಗಿ ನುಂಗಿ ಹುಡುಗನ ತಲಿ ಮಂದ ಆಗತೈತಂತ’ ಅಂದದ್ದನ್ನು ಅವನು ಕೇಳಿಸಿಕೊಂಡಿದ್ದ. ಅತ್ತೆಗೆ ಅದನ್ನು ಹೇಳಿದವಳು ನಾನೇ, ಸಂದೇಶ ಓದಿ. ಅವತ್ತಿನಿಂದ ಅವನು ಪ್ರತಿ ಪ್ರಶ್ನೆಯನ್ನೂ ಮೂರು ಸಲ ಓದುತ್ತಿದ್ದನಂತೆ, ಮರೆತುಬಿಟ್ಟೆನಾ ಅಂತ. ರಾತ್ರಿ ಮಲಗಿ ಮಗ್ಗಿ ಹೇಳಿಕೊಳ್ಳುತ್ತಿದ್ದನಂತೆ. ಬಸ್ಸಿನಲ್ಲಿ ಬರುವಾಗ ನನ್ನ ಕೈ ಹಿಡಿದು ‘ಅವ್ವಾ, ನಾ ನಿನ್ನ ಹೆಸರೂ ಮರಿತೀನೇನ ಅಂತ ಅಂಜಿದ್ದೆ’ ಅಂದ. ನಾವು ಅಷ್ಟೆಲ್ಲ ಮಾತಾಡಿದ್ದೆವು. ಡಾಕ್ಟರನ್ನು ಕೇಳಿದ್ದೆವು, ಲೆಕ್ಕ ಬರೆದಿದ್ದೆವು. ಗುಳಿಗೆ ನುಂಗುವವನಿಗೆ ಮಾತ್ರ ಏನೂ ಹೇಳಿರಲಿಲ್ಲ.

ಮೇಡಂ ಅವನಿಗೇ ಚಿತ್ರ ಬರೆದು ತೋರಿಸಿದ್ದರು. ಲಿವರ್, ಬಾಗಿಲು, ಮೆದುಳಿನ ಬೇಲಿ. ಅದು ಈಗಲೂ ಅವನ ಕಂಪಾಸ್ ಪೆಟ್ಟಿಗೆಯಲ್ಲಿದೆ. ಗುಳಿಗೆ ಮತ್ತೆ ಶುರು ಮಾಡೋಣ, ನಿಜವಾಗಿ ಗುಳಿಗೆಯಿಂದಲೇ ಆಗಿದ್ದರೆ ಮತ್ತೆ ಹಾಗೇ ಆಗಬೇಕು, ಆಗ ಬೇರೆ ದಾರಿ ನೋಡೋಣ ಅಂದರು. ಮುಂದಿನ ಭಾನುವಾರ 26. ಆಮೇಲೆ 30, 29, 31. ಒಬ್ಬ ಹುಡುಗನ ಅಂಕದಿಂದ ಔಷಧದ ಬಗ್ಗೆ ಏನೂ ಸಾಬೀತಾಗುವುದಿಲ್ಲ ಅಂತ ನನಗೂ ಈಗ ಗೊತ್ತು. ಅದಕ್ಕೇ ಪ್ರಯೋಗಗಳಲ್ಲಿ ಅಷ್ಟು ಮಕ್ಕಳು, ಅದಕ್ಕೇ ಸುಳ್ಳು ಇಂಜೆಕ್ಷನ್.

ನವೆಂಬರ್‌ನಲ್ಲಿ ರಕ್ತ ಪರೀಕ್ಷೆ. ಎಲ್‌ಡಿಎಲ್ 142. ಲಿವರ್ ಸರಿ. ಆದರೆ ಸ್ನಾಯುವಿನ ಪರೀಕ್ಷೆ, ಸಿಕೆ ಅನ್ನುತ್ತಾರೆ, 640 ಬಂತು. ಎದೆ ಮತ್ತೆ ಧಸಕ್ ಅಂದಿತು. ಈ ಸಲ ಗುಳಿಗೆ ನಿಲ್ಲಿಸಲಿಲ್ಲ, ಫೋನ್ ಮಾಡಿದೆ. ‘ಹಿಂದಿನ ದಿನ ಏನ್ ಆಡಿದ್ದ?’ ಅಂತ ಕೇಳಿದರು. ಶಾಲೆಯಲ್ಲಿ ಕ್ರೀಡಾಕೂಟ, ಎರಡು ದಿನ ಖೋ ಖೋ. ಜೋರಾಗಿ ಆಡಿದರೆ ಇದು ತಾನಾಗಿ ಏರುತ್ತದಂತೆ. ಒಂದು ವಾರ ಬಿಟ್ಟು, ಆಟ ಇಲ್ಲದೆ ಮತ್ತೆ ಮಾಡಿಸಿದಾಗ 128. ಇನ್ನೊಂದು 350 ರೂಪಾಯಿ ಹೋಯಿತು. ರಕ್ತ ಕೊಡುವ ಎರಡು ಮೂರು ದಿನ ಮೊದಲು ಕಬಡ್ಡಿ, ಓಟ ಬೇಡ ಅಂತ ಪಿಟಿ ಮಾಸ್ತರರಿಗೆ ಹೇಳಿಬಿಡಿ.

ಖರ್ಚು ಕೇಳುವವರಿಗೆ: ನಾಲ್ಕು ಸಲ ಬೆಳಗಾವಿ, ಡಾಕ್ಟರ ಫೀ, ಎಲ್ಲ ರಕ್ತ ಪರೀಕ್ಷೆ ಸೇರಿ ಈವರೆಗೆ ಸುಮಾರು ಒಂಬತ್ತು ಸಾವಿರ. ಆಸ್ಪತ್ರೆಯಲ್ಲಿ ಮಲಗಿಸದೆ ಮಾಡಿದ ತಪಾಸಣೆ ಅಂತ ಇದಕ್ಕೆ ನಮ್ಮ ಕಾರ್ಡ್ ಬರಲಿಲ್ಲ. ಗುಳಿಗೆ ಅಷ್ಟು ದುಬಾರಿ ಅಲ್ಲ. ಜನೌಷಧಿ ಅಂಗಡಿಯಲ್ಲಿ ನಿಮಗೆ ಬರೆದದ್ದೇ ಅಳತೆಯದ್ದು ಸಿಕ್ಕರೆ ಇನ್ನೂ ಕಡಿಮೆ. ಹೊಟ್ಟೆ ಉರಿಗೆ ಕೊಡುವ ಆಂಟಾಸಿಡ್ ಸಿರಪ್ ಕೊಟ್ಟರೆ ಈ ಗುಳಿಗೆಗೂ ಅದಕ್ಕೂ ಎರಡು ಗಂಟೆ ಅಂತರ ಇರಲಿ. ಜ್ವರಕ್ಕೆ ಬೇರೆ ಡಾಕ್ಟರ ಹತ್ತಿರ ಹೋದರೂ ಇದರ ಹೆಸರು ಹೇಳಿ, ಕೆಲವು ಆಂಟಿಬಯೋಟಿಕ್ ಕೆಲವು ಸ್ಟಾಟಿನ್ ಜೊತೆ ಕೂಡುವುದಿಲ್ಲ.

ಫೆಬ್ರವರಿಯಲ್ಲಿ 136. ಗುರಿ 130ರ ಒಳಗೆ. ಜೂನ್‌ನಲ್ಲಿ ಮತ್ತೆ ನೋಡಿ ಗುಳಿಗೆಯ ಅಳತೆ ಏರಿಸುವುದಾ ಬೇಡವಾ ಅಂತ ಹೇಳುತ್ತಾರೆ. ನವೋದಯ ಪರೀಕ್ಷೆ ಬರೆದು ಬಂದ, 80ಕ್ಕೆ 80 ಪ್ರಶ್ನೆಗೂ ಉತ್ತರ ಹಾಕಿದೆ ಅಂದ. ನನಗೆ ಅಷ್ಟು ಸಾಕಾಯಿತು.

ಉಳಿದಿರುವುದು ನೆಂಟರು. ಮನೆಯವರಿಗೆ ಒಬ್ಬ ತಮ್ಮ, ಇಬ್ಬರು ತಂಗಿಯರು. ಎಲ್ಲರೂ ಪರೀಕ್ಷೆ ಮಾಡಿಸಬೇಕು. ಮೈದುನ ‘ನಂಗೇನೂ ಆಗಿಲ್ಲ’ ಅಂತ ಇನ್ನೂ ಹೋಗಿಲ್ಲ. ದೊಡ್ಡ ನಾದಿನಿಯ ಮಗಳಿಗೆ 19, ವರ ನೋಡುತ್ತಿದ್ದಾರೆ. ರೋಗ ಅಂತ ಹೆಸರು ಬಿದ್ದರೆ ಯಾರು ಮಾಡಿಕೊಳ್ಳುತ್ತಾರೆ ಅಂತ ಅವಳ ಭಯ. ಆ ಭಯವನ್ನು ನಾನು ತಳ್ಳಿಹಾಕಲಾರೆ. ಆದರೆ ಹೆಣ್ಣುಮಗಳಿಗೆ ಇದು ಮದುವೆಗೆ ಮೊದಲೇ ಗೊತ್ತಿರಬೇಕು. ಬಸಿರಾಗುವ ಯೋಚನೆ ಇದ್ದರೆ ಮೊದಲೇ ಡಾಕ್ಟರಿಗೆ ಹೇಳಬೇಕು, ಬಸುರಿನಲ್ಲಿ ಸಾಮಾನ್ಯವಾಗಿ ಈ ಗುಳಿಗೆ ನಿಲ್ಲಿಸುತ್ತಾರೆ. ವರನೂ ಸಂಬಂಧದವನೇ ಆದರೆ ಅವನ ರಕ್ತವೂ ನೋಡಬೇಕು. ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ ಅವಳು ಸಿಟ್ಟು ಮಾಡಿಕೊಂಡು ಇಟ್ಟುಬಿಟ್ಟಳು.

ಹೋದ ವಾರ ತಾನಾಗಿಯೇ ಫೋನ್ ಮಾಡಿದಳು. ಯಾರಿಗೂ ಹೇಳದೆ ಮಗಳ ರಕ್ತ ಕೊಟ್ಟು ಬಂದಿದ್ದಳಂತೆ. 221. ‘ವೈನಿ, ಆ ಗುಳಿಗಿ ತಗೊಂಡ್ರ ಹುಡುಗಿ ಕಾಲೇಜ್ ಓದಿಗೆ ಏನರ ಆಗತೈತೇನ್ರೀ?’ ಅಂತ ಕೇಳಿದಳು. ನೋಟ್‌ಬುಕ್ಕಿನ ಆ ಪುಟಗಳ ಫೋಟೋ ಕಳಿಸಿದೆ. ಬರುವ ಗುರುವಾರ ತಾಯಿ ಮಗಳ ಜೊತೆ ನಾನೂ ಬೆಳಗಾವಿಗೆ ಹೋಗುತ್ತಿದ್ದೇನೆ. ಮಗನ ಕಂಪಾಸ್ ಪೆಟ್ಟಿಗೆಯಿಂದ ಆ ಚಿತ್ರವನ್ನೂ ಕೇಳಿ ಇಸಿದುಕೊಂಡಿದ್ದೇನೆ, ವಾಪಸ್ ತಂದುಕೊಡುವ ಮಾತು ಕೊಟ್ಟು.